ಎಡೆಗೊಡುವ ಹಬ್ಬ



ಮಾರ್ಗಶಿರದ ಚಳಿ ಕೃಷ್ಣೆಯ ದಂಡೆಯ ಮೇಲೆ ಬಲಿಯತೊಡಗಿ, ಸಕ್ಕರೆ ಕಾರಖಾನೆಗಳ ಚಿಮಣಿಗಳು ಹಗಲಿರುಳೂ ಹೊಗೆಯಾಡುತ್ತ, ಕಬ್ಬು ಹೇರಿದ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಉಗಾರ, ಶಿರಗುಪ್ಪಿ, ಕಾಗವಾಡಗಳ ರಸ್ತೆಗಳನ್ನು ತುಂಬಿಕೊಳ್ಳುವ ಈ ದಿನಗಳಲ್ಲಿ, ನಮ್ಮ ಸೀಮೆಯ ಪೇಟೆಗಳಲ್ಲಿ ಇನ್ನೊಂದು ಬಗೆಯ ಸಡಗರವೂ ಕಾಣಿಸಿಕೊಳ್ಳುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಬೇಕರಿಗಳಲ್ಲಿ ಬಣ್ಣಬಣ್ಣದ ಕೇಕುಗಳು ಸಾಲಾಗಿ ಕುಳಿತುಕೊಳ್ಳುತ್ತವೆ. ಮಿರಜ, ಸಾಂಗಲಿಗಳ ದೊಡ್ಡ ಅಂಗಡಿಗಳ ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ಗಿಡ, ಅದರ ಟೊಂಗೆಗಳ ಮೇಲೆ ಅರಳೆಯ ಹಿಮ, ಪಕ್ಕದಲ್ಲಿ ಕೆಂಪು ಅಂಗಿಯನ್ನೂ ಕೆಂಪು ಟೊಪ್ಪಿಗೆಯನ್ನೂ ತೊಟ್ಟ ಬಿಳಿಗಡ್ಡದ ಮುದುಕನ ಚಿತ್ರ. ಕೈಯೊಳಗಿನ ಮೊಬೈಲನ್ನು ತೆರೆದರೆ ಅರಿವೆಯಿಂದ ಹಿಡಿದು ಅಡುಗೆಮನೆಯ ಮಿಕ್ಸರಿನವರೆಗೆ ಸಕಲ ಪದಾರ್ಥಗಳ ಮೇಲೂ ಕ್ರಿಸ್‌ಮಸ್ ಹೆಸರಿನ ರಿಯಾಯಿತಿ. ಹಬ್ಬವೊಂದು ಬಂದಿದೆಯೆಂಬುದು ಎಲ್ಲರಿಗೂ ತಿಳಿಯುತ್ತದೆ. ಅದು ಯಾತರ ಹಬ್ಬವೆಂಬುದು ಮಾತ್ರ, ಇಷ್ಟೆಲ್ಲ ಬೆಳಕು ಬಣ್ಣಗಳ ನಡುವೆ, ತಿಳಿಯದೆಯೆ ಉಳಿಯುತ್ತದೆ.

ಮಕ್ಕಳ ಮುಖದ ಹಿಗ್ಗನ್ನಾಗಲಿ ವ್ಯಾಪಾರಸ್ಥನ ನ್ಯಾಯವಾದ ಲಾಭವನ್ನಾಗಲಿ ನಾನು ಇಲ್ಲಿ ಹಳಿಯಹೊರಟವನಲ್ಲ. ಹಬ್ಬವೆಂದ ಮೇಲೆ ಸಿಹಿಯಿರಬೇಕು, ಹೊಸ ಅರಿವೆಯಿರಬೇಕು, ದೀಪವಿರಬೇಕು. ಇವೆಲ್ಲ ಮನುಷ್ಯಸಹಜವಾದ ಆನಂದದ ಚಿಹ್ನೆಗಳೇ. ಆದರೆ ಯಾರ ಜನ್ಮದ ನೆನಪಿಗಾಗಿ ಈ ದಿನವನ್ನು ಜಗತ್ತು ಎತ್ತಿಟ್ಟುಕೊಂಡಿದೆಯೋ ಆತನ ಜನ್ಮವೃತ್ತಾಂತವನ್ನು ಒಮ್ಮೆ ಸಮಾಧಾನಚಿತ್ತದಿಂದ ಓದಿದವರಿಗೆ, ಈ ಬಜಾರಿಗೂ ಆ ವೃತ್ತಾಂತಕ್ಕೂ ನಡುವೆ ಇರುವ ಅಂತರವು ಮನಸ್ಸನ್ನು ಕಲಕದೆ ಇರಲಾರದು. ಜನ್ಮತಃ ನಾನು ಕ್ರೈಸ್ತನಲ್ಲ. ಜೈನರೂ ಲಿಂಗಾಯತರೂ ಕುರುಬರೂ ಮುಸಲ್ಮಾನರೂ ಒಂದೇ ಹೊಳೆಯ ನೀರು ಕುಡಿದು ಬಾಳುವ, ಕೃಷ್ಣೆಯ ದಂಡೆಯ ಜುಗೂಳದಂಥ ಊರಿನ ಸಂಸ್ಕಾರವೇ ನನ್ನದು. ಆದರೂ ಆ ವೃತ್ತಾಂತವು ನನಗೆ ಹೊರಗಿನದೆಂದು ಎಂದೂ ಅನಿಸಿಲ್ಲ. ಅದರ ಒಂದೊಂದು ಘಟನೆಯೂ ನಮ್ಮ ಹೊಲದ ಬದುವಿನ ಮೇಲೆ, ನಮ್ಮ ದನದ ಕೊಟ್ಟಿಗೆಯಲ್ಲಿ ನಡೆಯಬಹುದಾದಂಥದು, ನಡೆಯುತ್ತಲೂ ಇರುವಂಥದು.

ಲೂಕನು ಬರೆದ ಸುವಾರ್ತೆಯ ಎರಡನೆಯ ಅಧ್ಯಾಯವು ಆ ಕಥೆಯನ್ನು ಹೇಳುತ್ತದೆ. ರೋಮಿನ ಚಕ್ರವರ್ತಿಯಾದ ಔಗುಸ್ತನು ತನ್ನ ರಾಜ್ಯದ ಪ್ರಜೆಗಳೆಲ್ಲರೂ ಹೆಸರು ಬರೆಯಿಸಿಕೊಳ್ಳತಕ್ಕದ್ದೆಂದು ಅಪ್ಪಣೆ ಹೊರಡಿಸಿದನು. ಆ ಅಪ್ಪಣೆಗೆ ತಲೆಬಾಗಿ, ನಜರೇತಿನ ಬಡಗಿಯಾದ ಯೋಸೇಫನು ತುಂಬುಗರ್ಭಿಣಿಯಾದ ಮರಿಯಳನ್ನು ಕರೆದುಕೊಂಡು, ನೂರು ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಸವೆಸಿ, ತನ್ನ ಪೂರ್ವಿಕರ ಊರಾದ ಬೆತ್ಲೆಹೇಮಿಗೆ ಬಂದನು. ಅಲ್ಲಿ ಅವರಿಗೆ ಛತ್ರದಲ್ಲಿ ಎಡೆ ಸಿಕ್ಕಲಿಲ್ಲ. ಅವರು ಆ ಊರಲ್ಲಿದ್ದಾಗಲೇ ಆಕೆಗೆ ಹೆರಿಗೆಯಾಯಿತು. ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ತೊಟ್ಟಿಲಿಲ್ಲದ ಕಾರಣ, ದನಗಳು ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸಿದಳು. ಇಷ್ಟೇ ಆ ಜನ್ಮವೃತ್ತಾಂತ. ಚಕ್ರವರ್ತಿಯ ಹೆಸರು ಅದರ ಆರಂಭದಲ್ಲಿ ಒಮ್ಮೆ ಬಂದು ಮರೆಯಾಗುತ್ತದೆ. ಗೋದಲಿಯ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತದೆ.

ಆ ಸುದ್ದಿಯನ್ನು ಮೊದಲು ಕೇಳಿದವರು ಯಾರು? ಅರಮನೆಯವರಲ್ಲ, ಆಲಯದ ಆಚಾರ್ಯರಲ್ಲ. ಬಯಲಿನಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕುರಿ ಕಾಯುತ್ತಿದ್ದ ಕುರುಬರು. ಸುಗ್ಗಿ ಮುಗಿದ ಹೊಲಗಳಲ್ಲಿ ಹಿಂಡನ್ನು ತರುಬಿ, ಕಂಬಳಿ ಹೊದ್ದು, ತೋಳನ ಭಯದಿಂದ ನಾಯಿಗಳೊಡನೆ ತಾವೂ ಕಣ್ಣು ಮುಚ್ಚದೆ ಕೂಡುವ ಹಾಲುಮತದವರನ್ನು ರಾಯಬಾಗ, ಚಿಕ್ಕೋಡಿಗಳ ಎರೆಹೊಲಗಳಲ್ಲಿ ಕಂಡವರಿಗೆ ಬೆತ್ಲೆಹೇಮಿನ ಆ ಬಯಲನ್ನು ಬೇರೆಯಾಗಿ ವರ್ಣಿಸಿ ಹೇಳಬೇಕಾಗಿಲ್ಲ. ಅವರು ಕೂಸನ್ನು ಕಾಣಲು ಓಡಿ ಬಂದರೆಂದು ಲೂಕನು ಹೇಳುತ್ತಾನೆ. ಏನನ್ನಾದರೂ ತಂದರೆಂದು ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳಗಳೆಂಬ ಕಾಣಿಕೆಗಳನ್ನು ಹಿಡಿದು ಮೂಡಣ ದೇಶದ ಜೋಯಿಸರು ಬಂದ ಕಥೆಯನ್ನು ಮತ್ತಾಯನು ಬೇರೆಯಾಗಿ ಹೇಳುತ್ತಾನೆ, ನಿಜ. ಆದರೆ ಮೊದಲು ಬಂದವರು ಬರಿಗೈಯವರು. ಅವರು ಕೊಟ್ಟದ್ದು ತಮ್ಮ ಬರುವಿಕೆಯನ್ನು, ಅಷ್ಟೆ; ಮತ್ತು ಅದು ಸಾಲದೆಂದು ಆ ತಾಯಿಗೆ ತೋರಲಿಲ್ಲ. ಜೋಯಿಸರು ಹಿಂದಿರುಗಿದ ಮೇಲಾದರೂ ಆ ಸಂಸಾರಕ್ಕೆ ನೆಮ್ಮದಿ ದೊರೆಯಿತೇ ಎಂದರೆ ಅದೂ ಇಲ್ಲ. ಅರಸನಾದ ಹೆರೋದನ ಕತ್ತಿಗೆ ಹೆದರಿ, ಎಳೆಗೂಸನ್ನು ಎತ್ತಿಕೊಂಡು, ರಾತ್ರೋರಾತ್ರಿ ಐಗುಪ್ತದೇಶಕ್ಕೆ ಓಡಿಹೋಗಬೇಕಾಯಿತು. ಮೊದಲು ಛತ್ರದಲ್ಲಿ ಎಡೆಯಿಲ್ಲ, ಆಮೇಲೆ ಸ್ವದೇಶದಲ್ಲಿಯೇ ಎಡೆಯಿಲ್ಲ. ಆದುದರಿಂದ ಈ ಹಬ್ಬದ ತಿರುಳು ಯಾವುದೆಂದು ಯಾರಾದರೂ ಕೇಳಿದರೆ, ಎಡೆಯಿಲ್ಲದವರಿಗೆ ಎಡೆ ಮಾಡಿಕೊಡುವುದೇ ಅದರ ತಿರುಳೆಂದು ನಾನು ಸಂಕೋಚವಿಲ್ಲದೆ ಹೇಳುವೆನು.

ಈ ಅರ್ಥವು ನನ್ನ ಕಲ್ಪನೆಯದಲ್ಲ; ಹಬ್ಬದ ಇತಿಹಾಸವೇ ಇದಕ್ಕೆ ಸಾಕ್ಷಿ. ಆದಿಕಾಲದ ಕ್ರೈಸ್ತರು ಯೇಸುವಿನ ಮರಣ ಪುನರುತ್ಥಾನಗಳನ್ನು ಸ್ಮರಿಸುತ್ತಿದ್ದರೇ ಹೊರತು ಜನ್ಮದಿನವನ್ನು ಹಬ್ಬವಾಗಿ ಆಚರಿಸುತ್ತಿರಲಿಲ್ಲ. ಡಿಸೆಂಬರ್ 25ರಂದು ರೋಮ್ ನಗರದಲ್ಲಿ ಆ ಹಬ್ಬ ನಡೆಯುತ್ತಿದ್ದುದಕ್ಕೆ ಕ್ರಿ.ಶ. 336ರ ಹೊತ್ತಿಗೆ ಮೊದಲ ದಾಖಲೆ ದೊರೆಯುತ್ತದೆ. ಇಂದು ಕೆಂಪು ಅಂಗಿಯ ಮುದುಕನಾಗಿ ಅಂಗಡಿಗಳ ಬಾಗಿಲಲ್ಲಿ ನಿಲ್ಲಿಸಲ್ಪಟ್ಟಿರುವವನ ಮೂಲಪುರುಷನಾದ ನಿಕೋಲಾಸನು, ಈಗಿನ ತುರ್ಕಿ ದೇಶದ ತೀರದಲ್ಲಿದ್ದ ಮೈರಾ ಎಂಬ ಊರಿನ ಧರ್ಮಾಧ್ಯಕ್ಷ. ಮದುವೆಗೆ ಹಣವಿಲ್ಲದೆ ಹಾಳಾಗಲಿದ್ದ ಮೂವರು ಬಡ ಕನ್ಯೆಯರ ಮನೆಯೊಳಗೆ ಆತನು ಇರುಳಿನಲ್ಲಿ ಕಿಟಕಿಯಿಂದ ಹಣದ ಗಂಟನ್ನು ಎಸೆದು, ಕೊಟ್ಟವರು ಯಾರೆಂದು ತಿಳಿಯದಂತೆ ಹೊರಟುಹೋದನೆಂಬುದು ಐತಿಹ್ಯ. ಕೊಟ್ಟವನು ಮರೆಯಲ್ಲಿರಬೇಕು, ಪಡೆದವರ ಮಾನ ಉಳಿಯಬೇಕು ಎಂಬುದು ಆ ದಾನದ ರೀತಿ. ಮುಂದೆ 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಬೆಟ್ಟದ ಊರಿನಲ್ಲಿ ಅಸಿಸಿಯ ಫ್ರಾನ್ಸಿಸನು, ಯೇಸು ಹುಟ್ಟಿದ ಬಡತನವನ್ನು ಜನರು ಕಣ್ಣಾರೆ ಕಾಣಲೆಂದು, ನಿಜವಾದ ಗೋದಲಿಯಲ್ಲಿ ನಿಜವಾದ ಹುಲ್ಲನ್ನು ಹಾಸಿ, ಎತ್ತನ್ನೂ ಕತ್ತೆಯನ್ನೂ ತಂದು ನಿಲ್ಲಿಸಿ, ಆ ಇರುಳಿನ ಪೂಜೆಯನ್ನು ನಡೆಯಿಸಿದನು. ಆ ದಿನ ಉಳ್ಳವರು ಹಸಿದವರಿಗೆ ಹೊಟ್ಟೆತುಂಬ ಉಣಬಡಿಸಬೇಕು, ಎತ್ತು ಕತ್ತೆಗಳಿಗೂ ಎಂದಿಗಿಂತ ಹೆಚ್ಚಾಗಿ ಹುಲ್ಲು ಧಾನ್ಯಗಳನ್ನು ಹಾಕಬೇಕು ಎಂಬುದು ಆತನ ಅಭಿಲಾಷೆಯಾಗಿದ್ದಿತೆಂದು ಆತನ ಚರಿತ್ರಕಾರನು ಬರೆದಿಟ್ಟಿದ್ದಾನೆ. ಕಾರಹುಣ್ಣಿವೆಯಂದು ಎತ್ತುಗಳ ಮೈ ತೊಳೆದು, ಕೋಡು ಸಿಂಗರಿಸಿ, ತಾವು ಉಣ್ಣುವ ಮೊದಲು ಅವಕ್ಕೆ ಹೋಳಿಗೆ ತಿನ್ನಿಸುವ ನಮ್ಮ ರೈತಾಪಿಗಳಿಗೆ ಈ ಸಂತನು ಎಷ್ಟು ಹತ್ತಿರದವನಾಗಿ ತೋರುತ್ತಾನೆ!

ಹೀಗಿದ್ದ ಹಬ್ಬವು ವ್ಯಾಪಾರದ ಕೈಗೆ ಬಂದುದು ತೀರ ಈಚೆಗೆ, ಯಂತ್ರಯುಗದಲ್ಲಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನು, ಹಬ್ಬದ ಕಾಗದಗಳನ್ನು ಒಬ್ಬೊಬ್ಬರಿಗೂ ಕೈಯಿಂದ ಬರೆಯುವ ಶ್ರಮವನ್ನು ತಪ್ಪಿಸಿಕೊಳ್ಳಲು, ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚುಹಾಕಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸನು ಜಿಪುಣ ಸ್ಕ್ರೂಜನ ಹೃದಯ ಪರಿವರ್ತನೆಯ ಕಥೆಯನ್ನು ಪ್ರಕಟಿಸಿ, ಹಬ್ಬದ ಸುಖವು ಬಡ ಗುಮಾಸ್ತೆಯ ಮನೆಯನ್ನು ಮುಟ್ಟದಿದ್ದರೆ ಅದು ಸುಖವೇ ಅಲ್ಲವೆಂದು ತನ್ನ ಕಾಲಕ್ಕೆ ನೆನಪುಮಾಡಿಕೊಟ್ಟನು. ಒಂದೇ ವರ್ಷದಲ್ಲಿ ಒಂದೇ ನಗರದಲ್ಲಿ ಈ ಎರಡು ಹಾದಿಗಳು ತೆರೆದವು. ಜಗತ್ತು ಮಾತ್ರ ಸುಲಭವಾದ ಹಾದಿಯನ್ನೇ ಹೆಚ್ಚಾಗಿ ಹಿಡಿಯಿತು. 1931ರಿಂದ ಕೋಕಾ-ಕೋಲಾ ಕಂಪನಿಯು ತನ್ನ ಜಾಹಿರಾತಿಗಾಗಿ ಹ್ಯಾಡನ್ ಸಂಡ್‌ಬ್ಲೋಮ್ ಎಂಬ ಚಿತ್ರಕಾರನಿಂದ ಬರೆಯಿಸಿದ ನಗೆಮೊಗದ ಮುದುಕನು, ಮೊದಲೇ ರೂಢಿಯಲ್ಲಿದ್ದ ಆ ವೇಷವನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದನು. ಕತ್ತಲೆಯಲ್ಲಿ ಹೆಸರು ಮರೆಸಿ ಕೊಟ್ಟವನು ಹೀಗೆ ದೀಪಗಳ ಬೆಳಕಿನಲ್ಲಿ ನಿಂತು ಕೊಳ್ಳಿರೆಂದು ಕರೆಯುವವನಾದನು.

ಇದರಿಂದ ಆದ ಹಾನಿಯಾದರೂ ಏನು? ದುಡ್ಡು ಖರ್ಚಾಗುವುದು ಅದರಲ್ಲಿ ಅತ್ಯಲ್ಪವಾದ ಹಾನಿ. ಕಾಣಿಕೆಯ ಬೆಲೆಯನ್ನು ನೋಡಿ ಪ್ರೀತಿಯ ತೂಕವನ್ನು ಅಳೆಯುವ ಅಭ್ಯಾಸವು ಮಕ್ಕಳಲ್ಲಿ ಬೇರೂರುವುದು ಎರಡನೆಯ ಹಾನಿ. ಕೊಳ್ಳಬಲ್ಲವರಿಗೆ ಮಾತ್ರ ಹಬ್ಬವೆಂದೂ ಕೊಳ್ಳಲಾರದವರಿಗೆ ಅಂದು ನಾಚಿಕೆಯ ದಿನವೆಂದೂ ಆಗಿಬಿಡುವುದು ಮೂರನೆಯ ಹಾಗೂ ಎಲ್ಲಕ್ಕೂ ಘೋರವಾದ ಹಾನಿ. ಏಕೆಂದರೆ, ಎಡೆಯಿಲ್ಲದವನ ಜನ್ಮದಿನದಂದೇ ಎಡೆಯಿಲ್ಲದವರನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ. ಕಾರಖಾನೆಯಲ್ಲಿ ರಸವನ್ನೆಲ್ಲ ಹಿಂಡಿಕೊಂಡ ಮೇಲೆ ಕಬ್ಬಿನ ಸಿಪ್ಪೆ ಕಬ್ಬಿನ ಬಣ್ಣದಲ್ಲಿಯೇ ಇರುತ್ತದೆ, ಜಗಿದು ನೋಡಿದವನಿಗೆ ಮಾತ್ರ ಸಿಹಿ ಹೋದುದು ತಿಳಿಯುತ್ತದೆ. ವ್ಯಾಪಾರವು ಮುಟ್ಟಿದ ಹಬ್ಬದ ಪಾಡೂ ಹೀಗೆಯೆ.

ಈ ಪಾಡು ಕ್ರೈಸ್ತಬಾಂಧವರ ಹಬ್ಬಕ್ಕೊಂದೇ ಬಂದುದಲ್ಲ. ನಮ್ಮ ದೀಪಾವಳಿ, ನಮ್ಮ ಗಣೇಶ ಚೌತಿ, ನಮ್ಮ ಅಕ್ಷಯತದಿಗೆಗಳಿಗೂ ಇದೇ ಗತಿಯೊದಗಿದೆ. ಆದುದರಿಂದ ಒಂದು ಹಬ್ಬದ ತಿರುಳನ್ನು ಹುಡುಕಿಕೊಳ್ಳುವವನು ಎಲ್ಲ ಹಬ್ಬಗಳ ತಿರುಳನ್ನೂ ಹುಡುಕಿಕೊಂಡಂತೆಯೆ ಸರಿ. ಸುದೈವದಿಂದ, ಪೇಟೆಯು ಇನ್ನೂ ಮುಟ್ಟದ ಹಬ್ಬವೊಂದು ಇದೇ ಋತುವಿನಲ್ಲಿ, ಕ್ರಿಸ್‌ಮಸ್ಸಿನ ಹಿಂದೆಯೋ ಮುಂದೆಯೋ ನಮ್ಮ ಸೀಮೆಯಲ್ಲಿ ಬರುತ್ತದೆ. ಎಳ್ಳಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಸಜ್ಜಿರೊಟ್ಟಿ, ಶೇಂಗಾಹೋಳಿಗೆ, ಕಡುಬು, ಬಗೆಬಗೆಯ ಕಾಳುಪಲ್ಯಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಪೈರಿನ ನಡುವೆ ಕುಳಿತು ಉಣ್ಣುವಾಗ, ಆ ಹಾದಿಯಲ್ಲಿ ಹೋಗುವವನು ಯಾವ ಜಾತಿಯವನೇ ಇರಲಿ, ಯಾವ ಊರಿನವನೇ ಇರಲಿ, ಅವನನ್ನು ಕರೆದು ಎಲೆಗೆ ಕೂಡಿಸದೆ ಯಾರೂ ಬಿಡುವುದಿಲ್ಲ. ಅಂದು ಹೊಲದಲ್ಲಿ ಉಂಡವನು ಪರಕೀಯನಾಗಿ ಉಳಿಯುವುದಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿಯೂ ಇದೇ ಬಗೆಯ ಒಂದು ಸುಂದರ ರೂಢಿಯುಂಟು: ಹಬ್ಬಕ್ಕೆ ಮುಂಚೆ ಹೆಣ್ಣುಮಕ್ಕಳೆಲ್ಲ ಕೂಡಿ ದಿನಗಟ್ಟಲೆ ಕುಳಿತು ನೆವ್ರಿ, ಕಿಡಿಯೊ, ಗುಳಿಯೊ ಮೊದಲಾದ ಕುಸ್ವಾರಿನ ತಿಂಡಿಗಳನ್ನು ಮಾಡಿ, ತಟ್ಟೆಗಳಲ್ಲಿ ಜೋಡಿಸಿ, ನೆರೆಹೊರೆಯ ಹಿಂದೂ ಮುಸಲ್ಮಾನರ ಮನೆಗಳಿಗೆ ಕಳುಹುವರು. ಆ ತಟ್ಟೆಯಲ್ಲಿರುವುದು ಕೊಂಡ ಪದಾರ್ಥವಲ್ಲ, ಕೈಯ ಶ್ರಮ ಮತ್ತು ಮನಸ್ಸಿನ ನೆನಪು.

ಕನ್ನಡನಾಡು ಈ ಗೋದಲಿಯ ಕಥೆಯನ್ನು ತನ್ನದಾಗಿ ಮಾಡಿಕೊಂಡ ಬಗೆಯೂ ಇಲ್ಲಿ ನೆನೆಯತಕ್ಕದ್ದು. ಶಬ್ದಕೋಶದಿಂದ ಚಿರಸ್ಮರಣೀಯರಾದ ಫರ್ಡಿನಂಡ್ ಕಿಟ್ಟೆಲರು ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು, ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಚಿತ್ರಿಸಿದರು. ಆದರೆ ಕೃಷ್ಣೆಯ ದಂಡೆಯ ನಮ್ಮ ಜನಕ್ಕೆ ಈ ಕಥೆಯ ಪರಿಚಯವಾದುದು ಪುಸ್ತಕದಿಂದಲ್ಲ, ದವಾಖಾನೆಯಿಂದ.

ಕಾಗವಾಡದ ಗಡಿ ದಾಟಿದರೆ ಮ್ಹೈಸಾಳ, ಮ್ಹೈಸಾಳ ದಾಟಿದರೆ ಮಿರಜ. ಕೆನಡಾದಲ್ಲಿ ಹುಟ್ಟಿ, ವೈದ್ಯವಿದ್ಯೆಯನ್ನು ಕಲಿತು, ಅಮೆರಿಕದ ಪ್ರೆಸ್ಬಿಟೀರಿಯನ್ ಮಿಶನ್ನಿನ ವತಿಯಿಂದ 1889ರಲ್ಲಿ ಹಿಂದೂಸ್ಥಾನಕ್ಕೆ ಬಂದ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ತರುಣ ವೈದ್ಯರು, 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದರು. ಬೇನೆಯೆಂದರೆ ದೇವರ ಕೋಪವೆಂದೂ ಶಸ್ತ್ರಕ್ರಿಯೆಯೆಂದರೆ ಸಾವೆಂದೂ ತಿಳಿದಿದ್ದ ಕಾಲ ಅದು. ಕಣ್ಣಿನ ಪೊರೆಯಿಂದ ಜಗತ್ತು ಕತ್ತಲಾದ ಮುದುಕರು, ಹೆರಿಗೆಯ ಸಂಕಟದಲ್ಲಿ ದಿನಗಟ್ಟಲೆ ನರಳಿದ ಹೆಣ್ಣುಮಕ್ಕಳು, ಊರವರು ಹೊರಗೆ ಹಾಕಿದ ಕುಷ್ಠರೋಗಿಗಳು, ಕ್ಷಯದಿಂದ ಸೊರಗಿದ ದುಡಿಮೆಗಾರರು ಹುಲ್ಲು ಹಾಸಿದ ಚಕ್ಕಡಿಗಳಲ್ಲಿ ಮಲಗಿ ಆ ಬಾಗಿಲಿಗೆ ಬರತೊಡಗಿದರು. ವಾನ್ಲೆಸ್ಸರು ಶಸ್ತ್ರವೈದ್ಯರಾಗಿದ್ದುದಲ್ಲದೆ ಗುರುಗಳೂ ಆಗಿದ್ದರು. ಈ ನೆಲದ ತರುಣರಿಗೇ ವೈದ್ಯವಿದ್ಯೆಯನ್ನು ಕಲಿಸಲು ಶಾಲೆಯನ್ನು ನಡೆಯಿಸಿದರು. ಮಿರಜ ಸಾಂಗಲಿಗಳ ನಡುವೆ ಕ್ಷಯರೋಗಿಗಳಿಗಾಗಿ ಎದ್ದ ಆರೋಗ್ಯಧಾಮದ ಸುತ್ತಲಿನ ಊರು ಇಂದಿಗೂ ವಾನ್ಲೆಸ್‌ವಾಡಿ ಎಂದೇ ಕರೆಯಲ್ಪಡುತ್ತದೆ. 1928ರಲ್ಲಿ ಸರಕಾರವು ಅವರಿಗೆ ‘ಸರ್’ ಪದವಿಯನ್ನಿತ್ತಿತು. 1933ರಲ್ಲಿ ಅವರು ತೀರಿಕೊಂಡರು. ಆದರೆ ಅವರು ಗಳಿಸಿದ ದೊಡ್ಡ ಪದವಿ ಬೇರೆಯೇ ಇದೆ. ಅಥಣಿಯಿಂದ ರಾಯಬಾಗದವರೆಗೆ ಯಾವ ಹಳ್ಳಿಯಲ್ಲಿಯೇ ಆಗಲಿ ಬೇನೆ ಬಲಿತು ಮನೆಯವರು ಕೈಚೆಲ್ಲಿದಾಗ, ಹಿರಿಯರ ಬಾಯಿಂದ ತಲೆಮಾರುಗಳ ಕಾಲ ಬಂದ ಮಾತು ಒಂದೇ: ‘ಇನ್ನ ತಡಾ ಮಾಡಬ್ಯಾಡ್ರಿ, ಮಿರಜಿಗೆ ಒಯ್ಯಿರಿ.’

ಅಲ್ಲಿಗೆ ಹೋದ ನಮ್ಮ ಹಿರಿಯರಲ್ಲಿ ಬಹುಮಂದಿಗೆ ಸುವಾರ್ತೆಯನ್ನು ಓದಲು ಬರುತ್ತಿರಲಿಲ್ಲ. ಓದು ಬಂದವರಲ್ಲಿಯೂ ಮತ ಬಿಟ್ಟವರು ವಿರಳ. ಜೈನರು ಜೈನರಾಗಿಯೇ, ಲಿಂಗಾಯತರು ಲಿಂಗಾಯತರಾಗಿಯೇ, ಮುಸಲ್ಮಾನರು ಮುಸಲ್ಮಾನರಾಗಿಯೇ ಗುಣಮುಖರಾಗಿ ಮನೆಗೆ ಮರಳಿದರು. ಆದರೆ ಛತ್ರದಲ್ಲಿ ಎಡೆ ಸಿಕ್ಕದ ಆ ಕೂಸಿನ ಹೆಸರಿನಲ್ಲಿ ಯಾರೋ ತಮಗೆ ಮಂಚವೊಂದನ್ನು ಹಾಸಿಕೊಟ್ಟರೆಂಬುದನ್ನು ಅವರು ಮರೆಯಲಿಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಶ್ರಾವಕರ ಧರ್ಮವೆಂದು ಬೋಧಿಸುವ ಜೈನಮುನಿಗಳ ಮಾತನ್ನು ಕೇಳಿ ಬೆಳೆದ ನಮ್ಮ ಸೀಮೆಗೆ, ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡ ನಮ್ಮ ಸೀಮೆಗೆ, ಈ ಸೇವೆಯ ಭಾಷೆ ಅಪರಿಚಿತವಾಗಿರಲಿಲ್ಲ. ಧರ್ಮಗಳು ಬೇರೆಯಾದರೂ ಕೊಡುವ ಕೈಯ ಗುರುತು ಎಲ್ಲರಿಗೂ ಸಿಕ್ಕುತ್ತದೆ.

ಇನ್ನು ನಮ್ಮ ಜುಗೂಳದ ಹೊಲಗಳಿಗೆ ಬರೋಣ. ಹೊಳೆಯ ಆಚೆಯ ದಡದಲ್ಲಿ ಖಿದ್ರಾಪುರದ ಕೊಪ್ಪೇಶ್ವರ ದೇವಾಲಯ, ಈಚೆ ಕಣ್ಣು ಹಾಯುವಷ್ಟೂ ಕಬ್ಬು. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬೀಡ, ಜತ್ತ, ವಿಜಯಪುರಗಳ ಕಡೆಯ ಬರದ ಊರುಗಳಿಂದ ಇಳಿದು ಬರುತ್ತವೆ. ಗ್ಯಾಂಗಿನ ಗುತ್ತಿಗೆದಾರನಾದ ಮುಕಾದಮನಿಂದ ಮಳೆಗಾಲದಲ್ಲಿಯೇ ಮುಂಗಡ ಹಣವನ್ನು ಎತ್ತಿರುವ ಸಂಸಾರಗಳು ಅವು. ಗಂಡಹೆಂಡಿರ ಜೋಡಿಯನ್ನು ಒಂದು ಕೊಯ್ತಾ ಎಂದು ಎಣಿಸುವ ಲೆಕ್ಕ ಅವರದು. ಬಸುರಿಯೆಂದು ಹೆಂಡತಿ ಊರಲ್ಲಿ ಉಳಿದರೆ ಜೋಡಿ ಮುರಿಯುತ್ತದೆ, ಮುಂಗಡ ತೀರುವುದಿಲ್ಲ. ಆದುದರಿಂದ ತಿಂಗಳು ತುಂಬುತ್ತಿದ್ದರೂ ಆಕೆ ಚಕ್ಕಡಿ ಹತ್ತುತ್ತಾಳೆ. ಔಗುಸ್ತನ ಅಪ್ಪಣೆ ಎರಡು ಸಾವಿರ ವರ್ಷಗಳ ಹಿಂದೆ ಮುಗಿದುಹೋಯಿತೆಂದು ಯಾರು ಹೇಳಬಲ್ಲರು? ಹೊಲದ ಅಂಚಿನಲ್ಲಿ ಗಳ ನೆಟ್ಟು, ಕಬ್ಬಿನ ಸೋಗೆಯನ್ನೂ ತಾಡಪತ್ರಿಯನ್ನೂ ಹೊದಿಸಿದ ಗುಡಿಸಲು, ಬಾಗಿಲೆಂಬುದಿಲ್ಲ, ಬಗ್ಗಿ ಒಳಗೆ ನುಸುಳಬೇಕು, ಮೊಳದಂತರದಲ್ಲಿ ಎತ್ತುಗಳು, ಚಕ್ಕಡಿಯ ಕೆಳಗೆ ಹಳೆಯ ಸೀರೆಯನ್ನು ಇಳಿಬಿಟ್ಟು ಕಟ್ಟಿದ ಜೋಳಿಗೆಯಲ್ಲಿ ಕೂಸು. ನಸುಕಿನಲ್ಲಿ ಎದ್ದು ಮಂಜಿನಲ್ಲಿ ನೆನೆದ ಗರಿಗಳ ನಡುವೆ ನುಗ್ಗಿ ಕಡಿಯುವ ಆ ತಾಯಂದಿರ ಕೈಗಳ ಮೇಲೆ ಗರಿ ಸೀಳಿದ ಗೆರೆಗಳನ್ನು ಎಣಿಸಲಾಗದು. ಈ ದೇಶದಲ್ಲಿ ಬೆತ್ಲೆಹೇಮನ್ನು ಕಾಣಬೇಕೆಂದವನು ಡಿಸೆಂಬರಿನಲ್ಲಿ ನಮ್ಮ ಹೊಲಗಳ ಅಂಚಿಗೆ ಬಂದರೆ ಸಾಕು.

ಅಂಥ ಒಂದು ಗುಡಿಸಲ ಮುಂದೆ ನಾನು ಕಂಡ ಸಂಗತಿಯೊಂದನ್ನು ಶ್ರೋತೃಗಳ ಮುಂದೆ ನಿವೇದಿಸುವೆನು. ವಿಜಯಪುರದ ಕಡೆಯ ಬಾಣಂತಿಯೊಬ್ಬಳು ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಿದ್ದಳು. ಹೊಲದೊಡೆಯರ ಮನೆಯ ಅಜ್ಜಿಯೊಬ್ಬರು ಕೋಲೂರಿಕೊಂಡು ಬದುವಿನ ಮೇಲೆ ನಡೆದು ಬಂದು, ಸೆರಗಿನ ಮರೆಯಿಂದ ಒಂದು ಗಂಟನ್ನು ತೆಗೆದರು. ಅದರಲ್ಲಿ ಅಂಟಿನುಂಡೆಗಳಿದ್ದವು, ಒಂದು ಹಿಡಿ ಅಳವಿ ಇದ್ದಿತು, ಮತ್ತು ಹಸಿರು ಖಣದಲ್ಲಿ ಹೊಲಿದ, ಅಂಚಿಗೆ ಕೆಂಪು ಪಟ್ಟಿಯಿಟ್ಟ ಒಂದು ಕುಂಚಗಿ.

‘ತಗೋ ತಂಗಿ, ನನ್ನ ಮೊಮ್ಮಗಂದ ಐತಿ. ಹೊಳಿದಂಡಿ ಥಂಡಿ ಭಾಳ ಕೆಟ್ಟದು, ಕೂಸಿನ ತೆಲಿ ಮುಚ್ಚಿರಲಿ.’

‘ಯವ್ವಾ, ಇಷ್ಟ ಛಲೋ ಕುಂಚಗಿ ನಮ್ಮ ಕೂಸಿಗ್ಯಾಕ್ರಿ? ಈ ಬೂದಿ ಮಣ್ಣಾಗ ಹೊಲಸ ಆಗ್ತೈತ್ರಿ.’

‘ಹೊಲಸಾದರ ಒಗದರಾತು. ಕೂಸು ಬೆಚ್ಚಗ ಇರಬೇಕು ನೋಡು. ಉಂಡಿ ನೀ ತಿನ್ನು, ಬ್ಯಾರೆಯವರಿಗೆ ಹಂಚಬ್ಯಾಡ. ನಾಳೆ ಆಶಾ ತಂಗೀನ ಕರಕೊಂಡು ಬರ್ತೀನಿ, ಕೂಸಿಗೆ ಡೋಸ್ ಹಾಕಸೂಣು.’

ಆ ಅಜ್ಜಿಗೆ ಅಂದು ಯಾವ ಹಬ್ಬವೆಂಬುದು ತಿಳಿದಿರಲಿಲ್ಲ. ಲೂಕನೆಂಬ ಹೆಸರನ್ನು ಅವರು ಕೇಳಿದವರೂ ಅಲ್ಲ. ಆದರೆ ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸಿನ ಕಥೆಯು ನಮ್ಮಿಂದ ಏನನ್ನು ಅಪೇಕ್ಷಿಸುತ್ತದೆಯೋ ಅದನ್ನು ಅವರು ನೆರವೇರಿಸಿದ್ದರು. ಅವರ ಕಾಣಿಕೆಯನ್ನು ಮತ್ತೊಮ್ಮೆ ಗಮನಿಸಿರಿ: ಅದಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲ, ಏಕೆಂದರೆ ಅದು ತೊಟ್ಟು ಹಳತಾದುದು, ಕೊಟ್ಟ ಮೇಲೂ ಅವರ ಹೊಣೆ ಮುಗಿಯಲಿಲ್ಲ, ಏಕೆಂದರೆ ನಾಳೆ ಮತ್ತೆ ಬರುವೆನೆಂದು ಮಾತು ಕೊಟ್ಟರು. ಪೇಟೆಯ ಕಾಣಿಕೆಯು ಕೊಟ್ಟ ಗಳಿಗೆಯಲ್ಲಿ ಮುಗಿಯುತ್ತದೆ. ಪ್ರೀತಿಯ ಕಾಣಿಕೆಯು ಕೊಟ್ಟ ಗಳಿಗೆಯಿಂದ ಆರಂಭವಾಗುತ್ತದೆ.

ಎಡೆಯಿಲ್ಲದಿರುವುದು ಎಂತಹ ಸಂಕಟವೆಂಬುದನ್ನು ಜುಗೂಳದವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯು ದಡಗಳನ್ನು ಮೀರಿ ಉಕ್ಕಿ ಬಂದಾಗ, ಮತ್ತೆ 2021ರ ಮಳೆಗಾಲದಲ್ಲಿಯೂ, ಜುಗೂಳ, ಮಂಗಾವತಿ ಮೊದಲಾದ ದಂಡೆಯ ಊರುಗಳವರು ನೀರು ಪಾಲಾದ ಮನೆಗಳನ್ನು ಬಿಟ್ಟು, ದನಕರು ಹೊಡೆದುಕೊಂಡು, ಕೂಸುಗಳನ್ನು ಕಂಕುಳಲ್ಲಿರಿಸಿಕೊಂಡು ಎತ್ತರದ ನೆಲವನ್ನು ಹುಡುಕಿ ಹೊರಟರು. ಸಾಲೆಯ ಕೋಣೆಗಳಲ್ಲಿ ಹತ್ತಾರು ಮನೆಗಳ ಜನ ಒಂದಾಗಿ ಮಲಗಿದರು; ಹತ್ತು ಎಕರೆಯ ಒಡೆಯನೂ ಅವನ ಹೊಲದ ಆಳೂ ಒಂದೇ ಸಾಲಿನಲ್ಲಿ ತಾಟು ಹಿಡಿದು ಕುಳಿತರು; ಹೆಸರು ಕೇಳದ ಊರುಗಳಿಂದ ರೊಟ್ಟಿಯ ಗಂಟುಗಳು ಬಂದವು, ದನಗಳಿಗೆ ಮೇವಿನ ಗಾಡಿಗಳು ಬಂದವು. ಆ ರೊಟ್ಟಿಯನ್ನು ಬಡಿದ ಕೈ ಯಾರದೆಂದು ಉಂಡವರಿಗೆ ಇಂದಿಗೂ ತಿಳಿಯದು. ಮೈರಾದ ನಿಕೋಲಾಸನ ದಾನದ ರೀತಿಯನ್ನು ಹೀಗೆ ನಮ್ಮ ಜನ ಕಣ್ಣಾರೆ ಕಂಡಿದ್ದಾರೆ. ನೀರು ಇಳಿದ ಮೇಲೆ ಆ ನೆನಪೂ ಇಳಿದುಹೋಗಬಾರದಷ್ಟೆ. ನಮಗೆ ಎಡೆ ದೊರೆತ ಆ ದಿನಗಳ ಋಣವನ್ನು, ನಮ್ಮ ಹೊಲದ ಅಂಚಿನಲ್ಲಿ ಬಂದು ಇಳಿದವರಿಗೆ ಎಡೆ ಮಾಡಿಕೊಟ್ಟು ತೀರಿಸುವುದಲ್ಲದೆ ಬೇರೆ ಹೇಗೆ ತೀರಿಸಬಲ್ಲೆವು?

ಹಾಗಾದರೆ ಹಬ್ಬದ ದಿನ ಕೇಕನ್ನು ತರಬಾರದೆ, ನಕ್ಷತ್ರದ ದೀಪವನ್ನು ಕಟ್ಟಬಾರದೆ ಎಂದು ಕೆಲವರು ಕೇಳಬಹುದು. ಅವಶ್ಯವಾಗಿ ತನ್ನಿರಿ, ಕಟ್ಟಿರಿ. ಆದರೆ ಆ ಕೇಕಿನ ಮೊದಲ ತುಂಡು ನಿಮ್ಮ ಮನೆಯ ಹೊಸ್ತಿಲನ್ನು ದಾಟಿ ಹೋಗಲಿ. ಆ ದೀಪದ ಬೆಳಕಿನಲ್ಲಿ ನಿಮ್ಮ ಮನೆಗೆ ಎಂದೂ ಬಾರದವರು ಯಾರಾದರೂ ಬಂದು ಕೂಡಲಿ. ಮಕ್ಕಳಿಗೆ ಕಾಣಿಕೆಯನ್ನು ಕೊಡುವ ತಂದೆತಾಯಿಗಳು, ಅದರೊಡನೆ ಕೊಡುವ ಅಭ್ಯಾಸವನ್ನೂ ಅವರಿಗೆ ಕೊಡಲಿ. ತನಗೆ ಗಿಡ್ಡಾದ ಉಣ್ಣೆಯ ಅಂಗಿಯನ್ನು ಒಗೆದು ಮಡಚಿ, ತಾನೇ ಕೈಯಾರೆ ಗುಡಿಸಲಿನ ಮಗುವಿಗೆ ಕೊಟ್ಟು, ಅದರ ಹೆಸರು ಕೇಳಿಕೊಂಡು ಬಂದ ಬಾಲಕನು ಕ್ರಿಸ್‌ಮಸ್ಸಿನ ಅರ್ಥವನ್ನು ಬಲ್ಲವನಾಗಿಯೇ ಬೆಳೆಯುವನು. ನಾಲ್ಕೈದು ತಿಂಗಳು ನಮ್ಮ ನಡುವೆ ಇದ್ದು ಹೋಗುವ ಆ ಮಕ್ಕಳು ಅಷ್ಟೂ ಕಾಲ ಪಾಟಿಪುಸ್ತಕಗಳಿಂದ ದೂರವಾಗುತ್ತಾರೆ. ನೆರೆಯ ಮಹಾರಾಷ್ಟ್ರದಲ್ಲಿ ಇಂಥವರಿಗಾಗಿಯೇ ‘ಸಾಖರ ಶಾಳಾ’ಗಳನ್ನು ನಡೆಯಿಸಿದ ಉದಾಹರಣೆಗಳಿವೆ. ನಮ್ಮ ಊರ ಸಾಲೆಯ ಹಲಗೆಯ ಮುಂದೆ ಆ ಮಕ್ಕಳಿಗೂ ಒಂದು ಚಾಪೆಯನ್ನು ಹಾಸುವುದು, ಅವರ ತಾಯಂದಿರ ಹೆರಿಗೆ ಬಾಣಂತನಗಳಿಗೆ ಊರ ಅಂಗನವಾಡಿಯ ಬಾಗಿಲನ್ನು ತೆರೆಯುವುದು, ಕಡಿದ ಕಬ್ಬಿನ ಕೂಲಿ ಅವರ ಕೈಗೆ ಹೊತ್ತಿಗೆ ಸರಿಯಾಗಿ ಸೇರುವಂತೆ ನೋಡಿಕೊಳ್ಳುವುದು, ಇವೇ ಈ ದಿನಕ್ಕೆ ತಕ್ಕ ಪೂಜೆಗಳು. ಇವಕ್ಕೆ ಯಾವ ಮತದ ಅಪ್ಪಣೆಯೂ ಬೇಕಿಲ್ಲ, ಯಾವ ಮತದ ಅಡ್ಡಿಯೂ ಇಲ್ಲ.

ವ್ಯಾಪಾರವು ತನ್ನ ಕೆಲಸವನ್ನು ಮಾಡುತ್ತಲೇ ಇರುವುದು. ಅದನ್ನು ನಿಲ್ಲಿಸುವ ಶಕ್ತಿಯೂ ಅಗತ್ಯವೂ ನಮಗಿಲ್ಲ. ಆದರೆ ಹಬ್ಬದ ಅರ್ಥವನ್ನು ಹೇಳುವ ಅಧಿಕಾರವನ್ನು ನಾವು ಅದರ ಕೈಗೆ ಬಿಟ್ಟುಕೊಡಬೇಕಾಗಿಲ್ಲ. ಆ ಅಧಿಕಾರವು ಗೋದಲಿಯಲ್ಲಿ ಮಲಗಿದ ಕೂಸಿಗೂ ಅದಕ್ಕೆ ಬಟ್ಟೆ ಸುತ್ತಿದ ತಾಯಿಗೂ ಸೇರಿದುದು. ಮತ್ತು ಅಂಥ ತಾಯಿಮಕ್ಕಳು ನಮ್ಮ ಕಣ್ಣಳತೆಯಲ್ಲಿಯೇ ಇರುವವರೆಗೆ, ಈ ಹಬ್ಬವನ್ನು ಎಲ್ಲಿ ಆಚರಿಸಬೇಕು, ಹೇಗೆ ಆಚರಿಸಬೇಕು ಎಂಬುದರಲ್ಲಿ ನಮಗೆ ಸಂದೇಹವಿರಲು ಕಾರಣವಿಲ್ಲ. ಈ ವರ್ಷ ನಿಮ್ಮ ಮನೆಯಿಂದ ಒಂದು ಕಾಣಿಕೆಯಾದರೂ ಅಲ್ಲಿಗೆ ನಡೆದು ಹೋಗಲಿ, ಕಾಣಿಕೆಯ ಜೊತೆಗೆ ನೀವೂ ಹೋಗಿರಿ, ಮರುದಿನವೂ ಹೋಗಿರಿ.